ಕಾಣೆಯಾದವರ ದೂರು: ಕೊಡುವುದು ಹೇಗೆ, ಪೊಲೀಸರ ಕರ್ತವ್ಯವೇನು?

ಮನೆಯಿಂದ ಹೋದವರು ಹೊತ್ತು ಮೀರಿದರೂ ಬಾರದಿದ್ದರೆ, ನೆಂಟರಿಷ್ಟರಲ್ಲಿ ವಿಚಾರಿಸುತ್ತಲೇ ಠಾಣೆಗೂ ಹೋಗಬೇಕು. ಇಪ್ಪತ್ನಾಲ್ಕು ಗಂಟೆ ಕಾಯಬೇಕೆಂಬ ನಿಯಮ ಕಾನೂನಿನಲ್ಲಿ ಇಲ್ಲ. ಕಾಣೆಯಾದವರು 18 ವರ್ಷದೊಳಗಿನವರಾದರೆ, ಸುಪ್ರೀಂ ಕೋರ್ಟ್‌ನ 2013ರ ಆದೇಶದಂತೆ, ಅಪಹರಣ ಅಥವಾ ಮಾನವ ಕಳ್ಳಸಾಗಣೆಯ ಶಂಕೆಯಿಂದಲೇ ಎಫ್‌ಐಆರ್ ದಾಖಲಾಗಬೇಕು. ಅಪರಾಧದ ಸುಳಿವಿದ್ದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 173ನೇ ಸೆಕ್ಷನ್ ಪ್ರಕಾರ ‘ಇದು ನಮ್ಮ ಸರಹದ್ದಲ್ಲ’ ಎನ್ನುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ದೂರು ತೆಗೆದುಕೊಳ್ಳದಿದ್ದರೆ ಅದನ್ನು ಬರೆದು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳುಹಿಸಬಹುದು.

ದೂರಿನಲ್ಲಿ ಎತ್ತರ, ಮೈಬಣ್ಣ, ವಯಸ್ಸು ಬರೆದು ಸುಮ್ಮನಾಗುವುದೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ದೊಡ್ಡ ಕೊರತೆ ಇದೇ. ಅಂಗಿಯ ಕಾಲರಿನೊಳಗೆ ಹೊಲಿದ ಟೈಲರ್ ಅಂಗಡಿಯ ಚೀಟಿ, ಉಡಿದಾರಕ್ಕೆ ಕಟ್ಟಿದ ತಾಯತ, ಮುಂಗೈಯ ಹಚ್ಚೆ, ಮೂಳೆಗೆ ಹಾಕಿಸಿದ ರಾಡು, ಕಟ್ಟಿಸಿದ ಹಲ್ಲು ಇವನ್ನು ನೆನಪಿಸಿಕೊಂಡು ಬರೆಸಿ, ಇತ್ತೀಚಿನ ಫೋಟೊ ಕೊಡಿ.

ಅದೇಕೆಂದರೆ, ಭದ್ರಾ ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಮೇಲಿನ ಊರಿನಲ್ಲಿ ಬಿದ್ದವರ ದೇಹ ಇನ್ನೊಂದು ಠಾಣೆಯ ಸರಹದ್ದಿನಲ್ಲಿ ಸಿಗಬಹುದು, ಆಗ ಮುಖ ಊದಿ ಗುರುತು ಹಿಡಿಯಲಾರದಂತಾಗಿರಬಹುದು. ದೇಹ ಸಿಕ್ಕ ಠಾಣೆಯವರು ಅದೇ ಸಂಹಿತೆಯ 194ನೇ ಸೆಕ್ಷನ್‌ನಂತೆ ಪಂಚರ ಸಮ್ಮುಖದಲ್ಲಿ ಶವ ಪಂಚನಾಮೆ ನಡೆಸಿ, ಮರಣೋತ್ತರ ಪರೀಕ್ಷೆಗೆ ಕಳುಹಿಸಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ವರದಿ ಸಲ್ಲಿಸಬೇಕು. ಫೋಟೊ, ಬೆರಳಚ್ಚು, ಬಟ್ಟೆಬರೆ, ಡಿಎನ್‌ಎ ಮಾದರಿಗಳನ್ನು ಜೋಪಾನವಾಗಿಟ್ಟು, ಚಹರೆಪಟ್ಟಿಯನ್ನು ಸುತ್ತಲಿನ ಠಾಣೆಗಳಿಗೆ ಕಳುಹಿಸಿ, ಕಾಣೆ ದೂರುಗಳೊಂದಿಗೆ ತಾಳೆ ನೋಡುವುದೂ ಅವರ ಕೆಲಸವೇ. ರೈಲು ಹಳಿಯ ಮೇಲೆ ಸಿಕ್ಕ ಪ್ರಕರಣ ರೈಲ್ವೆ ಪೊಲೀಸರದು, ಅಲ್ಲಿಯೂ ವಿಚಾರಿಸಿ.

ಶವಾಗಾರಕ್ಕೆ ಕರೆಸಿದಾಗ ಮುಖ ನೋಡಿ ಗಾಬರಿಯಲ್ಲಿ ಹೌದು, ಅಲ್ಲ ಎನ್ನದೆ, ಬಟ್ಟೆ ಮತ್ತು ಮೈಮೇಲಿನ ಗುರುತುಗಳನ್ನು ತೋರಿಸುವಂತೆ ಕೇಳಿ. ತಪ್ಪು ಗುರುತಿನಿಂದ ಎರಡು ಮನೆಗಳಿಗೆ ಅನ್ಯಾಯವಾಗುತ್ತದೆ. ಅಸ್ಥಿ ಮಾತ್ರ ಸಿಕ್ಕಿದ್ದರೆ ಹಲ್ಲು, ತೊಡೆಮೂಳೆಗಳಿಂದ ತೆಗೆದ ಡಿಎನ್‌ಎಯನ್ನು ತಂದೆ, ತಾಯಿ ಅಥವಾ ಮಕ್ಕಳ ರಕ್ತದ ಮಾದರಿಯೊಂದಿಗೆ ಹೋಲಿಸುತ್ತಾರೆ. ಈ ಹೋಲಿಕೆ ಮಾಡಿಸುವಂತೆ ತನಿಖಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹೋದವರು ತಾವಾಗಿಯೇ ಮರಳಿ ಬಂದರೆ, ದೂರು ಕೊಟ್ಟ ಠಾಣೆಗೆ ಅಂದೇ ತಿಳಿಸಿ ಹೇಳಿಕೆ ಕೊಡಿಸಬೇಕು. ಇಲ್ಲವಾದರೆ ಸಿಕ್ಕವರ ಚಹರೆಪಟ್ಟಿಯೂ ಹುಡುಕಾಟದ ಕಡತದಲ್ಲಿ ಉಳಿದು, ಸಿಗದವರ ತಾಳೆ ತಡವಾಗುತ್ತದೆ.