ಇನ್ಹೇಲರ್: ಯಾವುದು ಆರಿಸಬೇಕು, ಹೇಗೆ ಎಳೆದುಕೊಳ್ಳಬೇಕು?

"ಇನ್ಹೇಲರ್ ತಗೊಂಡ್ರೂ ಉಬ್ಬಸ ಹೋಗ್ತಿಲ್ಲ" ಎನ್ನುವವರಿಗೆ ನಾನು ಮೊದಲು ಕೇಳುವುದು, ಎಲ್ಲಿ, ಒಂದ್ಸಲ ತಗೊಂಡು ತೋರಿಸಿ ಅಂತ. ತೋರಿಸಿದ ಕೂಡಲೇ ಅರ್ಧ ಉತ್ತರ ಸಿಗುತ್ತದೆ. ಬಾಯಿ ಅಗಲ ತೆರೆದು, ಬಟ್ಟೆಗೆ ಸೆಂಟ್ ಹೊಡೆದ ಹಾಗೆ ಎರಡು ಸಲ ಪುಸ್ ಪುಸ್ ಮಾಡಿ, ಮುಚ್ಚಳ ಹಾಕಿಬಿಡುತ್ತಾರೆ. ಔಷಧಿಯೆಲ್ಲ ನಾಲಿಗೆ ಮೇಲೆ. ಶ್ವಾಸಕೋಶಕ್ಕೆ ಅದರ ಸುದ್ದಿಯೇ ಇಲ್ಲ!

ಮೊದಲು ಒಳಗೇನಿದೆ ನೋಡಿ

ಡಬ್ಬಿಯ ಬಣ್ಣ ನಂಬಬೇಡಿ, ಔಷಧಿಯ ಹೆಸರು ಓದಿ. ಸಾಲ್ಬುಟಮಾಲ್ ಎಂದಿದ್ದರೆ ಅದು ರಿಲೀವರ್. ಬಿಗಿದುಕೊಂಡ ಶ್ವಾಸನಾಳವನ್ನು ಕೆಲವೇ ನಿಮಿಷದಲ್ಲಿ ಸಡಿಲ ಮಾಡುತ್ತದೆ, ನಾಲ್ಕರಿಂದ ಆರು ಗಂಟೆ ಕೆಲಸ ಮಾಡುತ್ತದೆ. ಬುಡೆಸೊನೈಡ್, ಫ್ಲೂಟಿಕಾಸೋನ್, ಬೆಕ್ಲೊಮೆಥಾಸೋನ್ ಎಂದಿದ್ದರೆ ಅದು ಪ್ರಿವೆಂಟರ್, ಅಂದರೆ ಸ್ಟಿರಾಯ್ಡ್. ನಾಳದೊಳಗಿನ ಊತ ಇಳಿಸುವುದು ಇದರ ಕೆಲಸ. ಎಳೆದ ತಕ್ಷಣ ಏನೂ ಅನಿಸುವುದಿಲ್ಲ, ಅದಕ್ಕೇ ಜನ ಇದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದ್ದು ಇದನ್ನೇ.

ಎರಡೂ ಕೆಲಸವನ್ನು ಒಂದರಲ್ಲೇ ಮಾಡುವ ಜೋಡಿ ಔಷಧಿಯೂ ಇದೆ: ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್. ಫಾರ್ಮೊಟೆರಾಲ್ ಬೇಗ ಕೆಲಸ ಶುರು ಮಾಡುವುದರಿಂದ ದಮ್ಮು ಬಂದಾಗಲೂ ಇದನ್ನು ಬಳಸಬಹುದು, ವೈದ್ಯರು ಹಾಗೆ ಹೇಳಿದ್ದರೆ. ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ಕೊಡುವ 'ಗಿನಾ' ಸಂಸ್ಥೆ 2019ರಿಂದ ದೊಡ್ಡವರಿಗೆ ಮತ್ತು ಹದಿಹರೆಯದವರಿಗೆ ಬರೀ ಸಾಲ್ಬುಟಮಾಲ್ ಕೊಟ್ಟು ಸುಮ್ಮನಾಗುವುದು ಬೇಡ ಎನ್ನುತ್ತಿದೆ. ಊತ ಹಾಗೇ ಉಳಿದರೆ ಉಬ್ಬಸ ಮತ್ತೆ ಬರುತ್ತದೆ, ಅಲ್ವಾ?

"ಇನ್ಹೇಲರ್ ಚಟ ಹತ್ತುತ್ತೆ, ಮಾತ್ರೆಯೇ ವಾಸಿ" ಎನ್ನುವವರಿಗೆ ಒಂದು ಲೆಕ್ಕ. ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 100 ಮೈಕ್ರೊಗ್ರಾಂ ಸಾಲ್ಬುಟಮಾಲ್ ಇರುತ್ತದೆ. 4 ಮಿಲಿಗ್ರಾಂ ಮಾತ್ರೆ ಎಂದರೆ ಅದರ 40 ಪಟ್ಟು, ಅದೂ ಇಡೀ ಮೈಗೆ ಹರಡಿ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಮಾತ್ರೆಯಲ್ಲೇ ಜಾಸ್ತಿ.

ನಿಮ್ಮ ಉಸಿರಿಗೆ ಹೊಂದುವ ಸಾಧನ

ಸ್ಪ್ರೇ ಬರುವ ಇನ್ಹೇಲರನ್ನು ನಿಧಾನವಾಗಿ ಎಳೆಯಬೇಕು. ಪುಡಿ ಇರುವುದನ್ನು ಜೋರಾಗಿ ಎಳೆಯಬೇಕು. ಆಯ್ಕೆ ನಿಂತಿರುವುದು ಇದರ ಮೇಲೆ. ಎಳೆಯುವ ಶಕ್ತಿ ಇಲ್ಲದ ವಯಸ್ಸಾದವರಿಗೆ ಪುಡಿ ಬೇಡ. ಪುಟ್ಟ ಮಕ್ಕಳಿಗೆ ಸ್ಪ್ರೇ, ಸ್ಪೇಸರ್ (ಸ್ಪ್ರೇಗೂ ಬಾಯಿಗೂ ನಡುವೆ ಜೋಡಿಸುವ ಟೊಳ್ಳು ಕೊಳವೆ), ಮಾಸ್ಕ್ ಮೂರೂ ಸೇರಿಸಿ. ಬೆರಳು ಗಂಟು ನೋವಿರುವವರಿಗೆ ಡಬ್ಬಿ ಒತ್ತುವುದೇ ಕಷ್ಟ, ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಬೆಳಿಗ್ಗೆ ಒಂದು ಬಗೆ, ರಾತ್ರಿ ಇನ್ನೊಂದು ಬಗೆ ಇಟ್ಟುಕೊಂಡರೆ ನಿಧಾನ, ಜೋರು ಎರಡೂ ಅದಲುಬದಲಾಗುತ್ತವೆ. ಆದಷ್ಟು ಒಂದೇ ಬಗೆ ಸಾಕು ಎನ್ನುವುದು ನನ್ನ ಹಟ.

ಸ್ಪ್ರೇ ಎಳೆಯುವುದು: ತಪ್ಪೆಲ್ಲ ಇಲ್ಲೇ

ಮುಚ್ಚಳ ತೆಗೆಯಿರಿ, ಬಾಯಿಗಿಡುವ ತುದಿಯೊಳಗೆ ಕಸ ಇದೆಯೇ ಇಣುಕಿ ನೋಡಿ. ಚೆನ್ನಾಗಿ ಕುಲುಕಿ. ಹೊಸದಾದರೆ ಅಥವಾ ಬಹಳ ದಿನ ಮುಟ್ಟದಿದ್ದರೆ ಒಂದೆರಡು ಪಫ್ ಗಾಳಿಗೆ ಬಿಡಿ. ಎಷ್ಟು ಎಂದು ಜೊತೆಗಿನ ಚೀಟಿಯಲ್ಲಿರುತ್ತದೆ. ಬೆನ್ನು ನೆಟ್ಟಗಿರಲಿ.

ಈಗ ಉಸಿರನ್ನು ಹೊರಗೆ ಬಿಡಿ. ಆರಾಮಾಗಿ ಎಷ್ಟು ಹೋಗುತ್ತದೋ ಅಷ್ಟೂ ಹೋಗಲಿ. ಇದನ್ನು ಬಹಳ ಜನ ಮಾಡುವುದೇ ಇಲ್ಲ. ತುಂಬಿದ ಎದೆಯೊಳಗೆ ಔಷಧಿಗೆ ಜಾಗ ಎಲ್ಲಿದೆ?

ತುದಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿಯಿಂದ ಸುತ್ತ ಮುಚ್ಚಿ. ನಾಲಿಗೆ ಅಡ್ಡ ಬರಬಾರದು. ಬಾಯಿಂದ ನಿಧಾನವಾಗಿ ಉಸಿರೆಳೆಯಲು ಶುರು ಮಾಡಿ. ಶುರುವಾದ ಆ ಕ್ಷಣವೇ ಡಬ್ಬಿ ಒತ್ತಿ. ಮೊದಲೇ ಒತ್ತಿದರೆ ಔಷಧಿ ಗಂಟಲ ಗೋಡೆಗೆ ಬಡಿಯುತ್ತದೆ. ಉಸಿರು ತುಂಬಿದ ಮೇಲೆ ಒತ್ತಿದರೆ ಬಾಯಲ್ಲೇ ನಿಲ್ಲುತ್ತದೆ. ಒತ್ತಿದ ಮೇಲೂ ಎಳೆಯುವುದನ್ನು ನಿಲ್ಲಿಸಬೇಡಿ. ತಣ್ಣನೆಯ ಸ್ಪ್ರೇ ಗಂಟಲಿಗೆ ತಾಗಿದ ಕೂಡಲೇ ಬೆಚ್ಚಿ ಉಸಿರು ಕಡಿದುಬಿಡುವವರು ತುಂಬಾ ಇದ್ದಾರೆ. ನಾಲ್ಕೈದು ಸೆಕೆಂಡ್ ಒಂದೇ ಸಮ ಎಳೆಯಿರಿ. ಆಮೇಲೆ ಬಾಯಿ ಮುಚ್ಚಿ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಆಗದಿದ್ದರೆ ಆದಷ್ಟು. ಎರಡನೇ ಪಫ್ ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮೊದಲಿಂದ. ಒಂದೇ ಉಸಿರಿಗೆ ಎರಡು ಪಫ್ ಒತ್ತಿ ಸಮಯ ಉಳಿಸುವ ಜಾಣತನ ಬೇಡ.

ಒಮ್ಮೆ ಕನ್ನಡಿ ಮುಂದೆ ಮಾಡಿ ನೋಡಿ. ಬಾಯಿಂದಲೋ ಮೂಗಿಂದಲೋ ಬಿಳಿ ಹೊಗೆ ಹೊರಗೆ ಬಂದರೆ, ಅಷ್ಟು ಔಷಧಿ ಹೋಯಿತು ಎಂದೇ ಅರ್ಥ.

ಇಷ್ಟೆಲ್ಲ ತಾಳಮೇಳ ಯಾರಿಗೆ ಬೇಕು ಎನಿಸಿತೇ? ಹಾಗಾದರೆ ಸ್ಪೇಸರ್ ತಗೊಳ್ಳಿ. ಅದು "ಮಕ್ಕಳ ಸಾಮಾನು" ಅಲ್ಲ, ಸ್ಪ್ರೇ ಬಳಸುವ ದೊಡ್ಡವರೂ ಇಟ್ಟುಕೊಳ್ಳಲೇಬೇಕು ಎಂದು ನಾನು ಹೇಳುತ್ತೇನೆ. ಒಂದು ಪಫ್ ಒತ್ತಿ, ತಡಮಾಡದೆ ನಿಧಾನಕ್ಕೆ ಎಳೆದು ಉಸಿರು ಹಿಡಿಯಿರಿ. ಅದೂ ಆಗದಿದ್ದರೆ ಅದರಲ್ಲೇ ಐದಾರು ಸಲ ಸಹಜವಾಗಿ ಉಸಿರಾಡಿ. ಪ್ಲಾಸ್ಟಿಕ್ ಸ್ಪೇಸರನ್ನು ಸೋಪು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ತಿಕ್ಕಿದರೆ ಸ್ಥಿರ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೆ ಅಂಟಿಕೊಳ್ಳುತ್ತದೆ.

ಪುಡಿಯಾದರೆ

ಕ್ಯಾಪ್ಸೂಲನ್ನು ನುಂಗಬೇಡಿ. ನಗಬೇಡಿ, ನುಂಗುವವರಿದ್ದಾರೆ. ಸಾಧನಕ್ಕೆ ಹಾಕಿ, ಮುಖ ಆಚೆ ತಿರುಗಿಸಿ ಉಸಿರು ಬಿಟ್ಟು, ಒಮ್ಮೆಲೇ ಜೋರಾಗಿ, ಆಳವಾಗಿ ಎಳೆಯಿರಿ. ಸಾಧನದೊಳಕ್ಕೆ ಊದಿದರೆ ಬಾಯಿಯ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಕ್ಯಾಪ್ಸೂಲಲ್ಲಿ ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಿರಿ. ಬಚ್ಚಲುಮನೆಯಲ್ಲಂತೂ ಇಡಬೇಡಿ.

ಆಮೇಲೆ

ಸ್ಟಿರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಫಂಗಸ್ ಬರಬಹುದು, ದನಿ ಒಡೆಯಬಹುದು.

ಖಾಲಿಯಾಯಿತೇ ಎಂದು ನೋಡಲು ಡಬ್ಬಿಯನ್ನು ನೀರಲ್ಲಿ ತೇಲಿಸುವ ಹಳೇ ಉಪಾಯ ನಂಬುವಂಥದ್ದಲ್ಲ. ಔಷಧಿ ಮುಗಿದ ಮೇಲೂ ಒಳಗಿನ ಅನಿಲ ಪುಸ್ ಎನ್ನುತ್ತಲೇ ಇರುತ್ತದೆ. ಎಷ್ಟು ಪಫ್ ಉಳಿದಿದೆ ಎಂದು ತೋರಿಸುವ ಕೌಂಟರ್ ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಲೆಕ್ಕ ಹಾಕಿ: 120 ಪಫ್‌ನ ಡಬ್ಬಿ, ದಿನಕ್ಕೆ ನಾಲ್ಕರಂತೆ, 30 ದಿನ. ಮುಗಿಯುವ ತಾರೀಖನ್ನು ಡಬ್ಬಿ ಮೇಲೆಯೇ ಬರೆದುಬಿಡಿ.

ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ರಿಲೀವರ್ ಬೇಕಾಗುತ್ತಿದ್ದರೆ, ರಾತ್ರಿ ಕೆಮ್ಮಿಗೆ ಎಚ್ಚರವಾಗುತ್ತಿದ್ದರೆ, ವೈದ್ಯರ ಬಳಿ ಹೋಗಿ. ಹೋಗುವಾಗ ಇನ್ಹೇಲರ್ ತಗೊಂಡು ಹೋಗಿ, ಅವರೆದುರೇ ಎಳೆದು ತೋರಿಸಿ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಷ್ಟು ಏದುಸಿರು, ತುಟಿ ನೀಲಿ ಆಗುವುದು ಕಂಡರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೊರಡಿ. ರೋಗಿಯನ್ನು ಮಲಗಿಸಬೇಡಿ, ಕೂರಿಸಿ. ದಾರಿಯಲ್ಲೂ ಸ್ಪೇಸರ್ ಹಚ್ಚಿ ರಿಲೀವರ್ ಕೊಡುತ್ತಿರಿ, ಒಂದೊಂದೇ ಪಫ್.