ಹಳ್ಳದ ದಂಡೆಗೆ ವಾಟೆ ಹಚ್ಚುವುದು ಹೇಗೆ

ನಮ್ಮ ಅಡಿಕೆ ತೋಟ ಸಿದ್ದಾಪುರ ತಾಲೂಕಿನಲ್ಲಿ, ಹಳ್ಳಕ್ಕೆ ತಾಗಿಕೊಂಡೇ ಇದೆ. ದಂಡೆಯಲ್ಲಿ ಮೊದಲು ವಾಟೆ, ಅಂದರೆ ತೆಳು ಗಳದ ಬಿದಿರಿನ ಜಾತಿ, ಹಿಂಡು ಹಿಂಡಾಗಿ ದಟ್ಟವಾಗಿತ್ತು. ತೋಟಕ್ಕೆ ನೆರಳು ಜಾಸ್ತಿ, ಹಂದಿ ಬಂದು ಅಡಗುತ್ತವೆ ಅಂತ 2018ರ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಬುಡಸಮೇತ ಕೀಳಿಸಿದೆ. “ವಾಟೆ ಮುಟ್ಟಬೇಡ ಮಾರಾಯಾ” ಅಂತ ದೊಡ್ಡಪ್ಪ ಹೇಳಿದ್ದರು. ಕೇಳಲಿಲ್ಲ. ಮರುವರ್ಷ ಆಗಸ್ಟಿನ ನೆರೆಯಲ್ಲಿ ಒಂದೇ ರಾತ್ರಿಗೆ ಫಲ ಕೊಡುವ 14 ಮರ ಹೋದವು, ಬುಡಕ್ಕೆ ಹಾಕಿದ ಗೊಬ್ಬರ ಮಣ್ಣೂ ಹೋಯಿತು. ಪಕ್ಕದವರ ವಾಟೆ ನೀರಲ್ಲಿ ಮಲಗಿ, ನೆರೆ ಇಳಿದ ಮೇಲೆ ಎದ್ದು ನಿಂತಿತು. ಅವರ ದಂಡೆ ಇದ್ದಲ್ಲೇ ಇತ್ತು.

ಈಗ ನಾನು ಮಾಡುವುದು ಹೀಗೆ. ಹಳ್ಳದ ಅಂಚಿನಿಂದ ಎರಡು ಸಾಲು ಅಡಿಕೆಯ ಜಾಗ, ಅಂದರೆ ಸುಮಾರು 18 ಅಡಿ, ಸುಮ್ನೆ ಬಿಟ್ಟುಬಿಡಿ. ಅಷ್ಟು ಜಾಗ ಹೋಯ್ತಲ್ಲ ಅಂತ ಹೊಟ್ಟೆ ಉರಿಯುತ್ತದೆ. ನನಗೂ ಉರಿದಿತ್ತು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಯಾರದ್ದಾದರೂ ಹಿಂಡಿನ ಅಂಚಿನಿಂದ ಗಡ್ಡೆ ಸಮೇತ ಎರಡು ಮೂರು ಗಳ ಕಿತ್ತು ತನ್ನಿ. ನಡುವಿನಿಂದ ಕೀಳಬೇಡಿ, ಅವರ ಹಿಂಡು ಹಾಳಾಗುತ್ತದೆ. ಗಳವನ್ನು ಮೂರು ಅಡಿ ಉಳಿಸಿ ತುದಿ ಕತ್ತರಿಸಿ. ಇಲ್ಲದಿದ್ದರೆ ಗಾಳಿಗೆ ಅಲ್ಲಾಡಿ ಬೇರು ಹಿಡಿಯುವುದಿಲ್ಲ. ಒಂದೂವರೆ ಅಡಿ ಗುಂಡಿಯಲ್ಲಿ ನೆಟ್ಟು ಮಣ್ಣನ್ನು ಕಾಲಿನಿಂದ ಗಟ್ಟಿಯಾಗಿ ತುಳಿಯಿರಿ. ನಾನು ಮೊದಲ ವರ್ಷ ನೀರಿನ ಅಂಚಿಗೇ ನೆಟ್ಟು ಎಲ್ಲವನ್ನೂ ಹಳ್ಳಕ್ಕೆ ಕೊಟ್ಟೆ. ಇಳಿಜಾರಿನ ಅರ್ಧಕ್ಕಿಂತ ಮೇಲೆ ನೆಡಿ, ಆಮೇಲೆ ಅದೇ ಕೆಳಗೆ ಹಬ್ಬುತ್ತದೆ. ವಾಟೆಯ ಕೆಳಗೆ ಅರ್ಧ ಅಡಿಗೊಂದು ಬುಡದಂತೆ ಲಾವಂಚ ಹಚ್ಚಿ. ಹಿಂದೆ ಜಾಗ ಇದ್ದರೆ ಹೊಂಗೆ. ಹೊಳೆಮತ್ತಿ ಒಳ್ಳೆಯದೇ, ಆದರೆ ದೊಡ್ಡ ಮರವಾಗುತ್ತದೆ. ಅಡಿಕೆಯಿಂದ ದೂರ ಇರಲಿ.

ಬಸಿಗಾಲುವೆಯ ಬಾಯಿ ನೋಡಿಕೊಳ್ಳಿ. ನಮ್ಮಲ್ಲಿ ದಂಡೆ ಕೊರೆಯಲು ಶುರುವಾಗಿದ್ದು ಅಲ್ಲಿಂದಲೇ. ತೋಟದ ನೀರೆಲ್ಲ ಒಂದೇ ಕಡೆ ಮೇಲಿನಿಂದ ಬಿದ್ದು ಕೆಳಗೆ ಗುಂಡಿ ಮಾಡುತ್ತದೆ, ಗುಂಡಿ ಹಿಂದಕ್ಕೆ ತೋಟದೊಳಗೆ ಬೆಳೆಯುತ್ತದೆ. ಕಾಲುವೆ ಬಾಯಲ್ಲಿ ಮೆಟ್ಟಿಲಿನಂತೆ ಕಲ್ಲು ಜೋಡಿಸಿ. ಸಿಮೆಂಟ್ ಬೇಡ. ಅಡಿಯ ಮಣ್ಣು ಹೋದರೆ ಅದು ಹಲಗೆಯಂತೆ ತೂಗಾಡುತ್ತದೆ.

ಇನ್ನು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ಹೊಡೆಯದೆ ನಮಗೆ ಗತಿ ಇಲ್ಲ. ಒಂದು ಸಲ ಉಳಿದ ದ್ರಾವಣವನ್ನು ಹಳ್ಳದ ಪಕ್ಕದ ಗುಂಡಿಗೆ ಚೆಲ್ಲಿ, ಡ್ರಮ್ಮನ್ನೂ ಅಲ್ಲೇ ತೊಳೆದೆ. ಸಂಜೆ ನೋಡಿದರೆ ಸಣ್ಣ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಈ ಹಳ್ಳ ಅಘನಾಶಿನಿ ಸೇರುತ್ತದೆ, ಅಘನಾಶಿನಿ ಕುಮಟಾ ಹತ್ತಿರ ಕಡಲು ಸೇರುತ್ತದೆ. ಅಲ್ಲಿಯ ಅಳಿವೆಯಲ್ಲಿ ಜನ ಬಳಚು ಎಂಬ ಚಿಪ್ಪುಜೀವಿ ಆರಿಸುತ್ತಾರೆ, ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. 2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ನಾವು ಮೇಲಿನವರು ಅಲ್ವಾ, ಕೆಳಗಿನದು ಕಾಣುವುದಿಲ್ಲ.

ಹಾಗಾಗಿ ಆ ದಿನಕ್ಕೆ ಬೇಕಾದಷ್ಟೇ ಕದಡಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹೊಳೆಯುವ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲಲಿಲ್ಲ, ಇನ್ನಷ್ಟು ಹಾಕಿ. ಡ್ರಮ್ಮು, ಪೈಪು ತೊಳೆದ ನೀರನ್ನು ಹಳ್ಳದಿಂದ ದೂರ, ತೋಟದ ಮೇಲ್ಭಾಗದಲ್ಲಿ ಹರಡಿ ಚೆಲ್ಲಿ. ಬಾವಿ ಹತ್ತಿರವೂ ಬೇಡ. ಬಚ್ಚಲ ನೀರನ್ನು ಬಾಳೆ, ಕೆಸುವಿನ ಬುಡಕ್ಕೆ ತಿರುಗಿಸಿದರೆ ಸಾಕು.

ಮೂರು ವರ್ಷ ವಾಟೆಗೆ ಕತ್ತಿ ತಾಗಿಸಬೇಡಿ. ಆಮೇಲೆ ಬೇಲಿಗೆ, ಬುಟ್ಟಿಗೆ ಹಳೆಯ ಗಳ ಮಾತ್ರ ಕಡಿಯಿರಿ. ಎಂದಾದರೂ ಹೂ ಬಂದು ಹಿಂಡೆಲ್ಲ ಒಣಗಿದರೆ ಹೆದರಿ ಅಗೆಸಬೇಡಿ. ಬೀಜ ಬಿದ್ದು ಅಲ್ಲೇ ಹುಟ್ಟುತ್ತದೆ, ದನ ಮೇಯದಂತೆ ಬೇಲಿ ಹಾಕಿ.