ಪಿಯಾನೊ ಸ್ಪರ್ಶದ ಮಿಡಿ ಕೀಬೋರ್ಡ್: ಆರಿಸುವುದು ಹೇಗೆ?

ಮಿಡಿ ಕಂಟ್ರೋಲರ್ (ಕಂಪ್ಯೂಟರ್‌ಗೆ ಜೋಡಿಸಿ ನುಡಿಸುವ ಕೀಬೋರ್ಡ್) ಕೊಳ್ಳಲು ಹೊರಟವರು ಕೀಗಳನ್ನು ಎಣಿಸುತ್ತಾರೆ, ಪ್ಯಾಡು-ನಾಬುಗಳನ್ನು ತಿರುವಿ ನೋಡುತ್ತಾರೆ, ಜೊತೆಗೆ ಉಚಿತವಾಗಿ ಬರುವ ಸಾಫ್ಟ್‌ವೇರ್‌ಗಳ ಪಟ್ಟಿಯನ್ನು ಓದುತ್ತಾರೆ. ದಿನವೂ ಬೆರಳಿಡಬೇಕಾದ ಕೀಯನ್ನು ಮಾತ್ರ ಸರಿಯಾಗಿ ಒತ್ತಿ ನೋಡುವುದಿಲ್ಲ. ಕಂಟ್ರೋಲರ್‌ಗೆ ಸ್ವಂತ ಧ್ವನಿಯಿಲ್ಲ. ಯಾವ ಕೀಯನ್ನು ಎಷ್ಟು ವೇಗದಿಂದ ಒತ್ತಲಾಯಿತೆಂದು ಅಳೆದು, ಆ ವೇಗವನ್ನು 1ರಿಂದ 127ರೊಳಗಿನ ‘ವೆಲಾಸಿಟಿ’ ಎಂಬ ಸಂಖ್ಯೆಯಾಗಿ ಕಂಪ್ಯೂಟರ್‌ಗೆ ಕಳಿಸುವುದಷ್ಟೇ ಅದರ ಕೆಲಸ. ನಾದವೆಲ್ಲ ಕಂಪ್ಯೂಟರ್‌ನಲ್ಲಿರುವ ಪಿಯಾನೊ ಸಾಫ್ಟ್‌ವೇರ್‌ನದು. ಪಿಯಾನೊ ನುಡಿಸುವವರು ಹಣ ಕೊಡಬೇಕಾದದ್ದು ಕೀಗಳ ಯಂತ್ರಕ್ಕೆ, ಉಳಿದದ್ದಕ್ಕಲ್ಲ.

ಮೊದಲ ಹಂತ ಪೆಟ್ಟಿಗೆಯ ಮೇಲಿನ ಬರಹವನ್ನು ಓದುವುದು. ‘ಸಿಂಥ್ ಆಕ್ಷನ್’ ಎಂದರೆ ಬರೀ ಸ್ಪ್ರಿಂಗ್. ‘ಸೆಮಿ-ವೇಟೆಡ್’ ಎಂದರೆ ಸ್ಪ್ರಿಂಗ್ ಜೊತೆಗೆ ಅಲ್ಪಸ್ವಲ್ಪ ತೂಕ. ‘ಹ್ಯಾಮರ್ ಆಕ್ಷನ್’ ಎಂದಿದ್ದರೆ ಮಾತ್ರ ಒಳಗೆ ಸುತ್ತಿಗೆಯಂತೆ ಏಳುವ ತೂಕವಿರುತ್ತದೆ. 88 ಕೀಗಳಿದ್ದ ಮಾತ್ರಕ್ಕೆ ಹ್ಯಾಮರ್ ಆಕ್ಷನ್ ಇದೆಯೆಂದು ಭಾವಿಸಬೇಡಿ, ಸೆಮಿ-ವೇಟೆಡ್ ಆಗಿರುವ 88 ಕೀಗಳ ಮಾದರಿಗಳೂ ಮಾರುಕಟ್ಟೆಯಲ್ಲಿವೆ. ಬ್ರಾಂಡ್ ಹೆಸರನ್ನೂ ಪೂರ್ತಿ ನೆಚ್ಚಬೇಡಿ. ಅನೇಕ ಕಂಪನಿಗಳು ಇಟಲಿಯ ಫಾತಾರ್ ಸಂಸ್ಥೆ ತಯಾರಿಸುವ ಕೀಗಳ ಯಂತ್ರವನ್ನೇ ತರಿಸಿ ಜೋಡಿಸುತ್ತವೆ, ಫಾತಾರ್‌ನಲ್ಲಿಯೂ ದರ್ಜೆಗಳಿವೆ. ಫಾತಾರ್‌ನದೇ ಬ್ರಾಂಡ್ ಆದ ಸ್ಟುಡಿಯೋಲಾಜಿಕ್‌ನ ಎಸ್‌ಎಲ್88 ಸ್ಟುಡಿಯೋ ಮತ್ತು ಎಸ್‌ಎಲ್88 ಗ್ರ್ಯಾಂಡ್ ಹೆಸರಿನಲ್ಲಿ ಅಣ್ಣತಮ್ಮಂದಿರಾದರೂ ಅವುಗಳೊಳಗಿನ ಯಂತ್ರಗಳು ಬೇರೆ ಬೇರೆ. ಗ್ರ್ಯಾಂಡ್‌ನದು ಮರದ ಕೀಗಳು.

ಎರಡನೆಯ ಹಂತ ಅಂಗಡಿಯಲ್ಲಿ ಪರೀಕ್ಷಿಸುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ; ಗೊತ್ತಿರುವ ಒಂದು ಹಾಡನ್ನು ನುಡಿಸಿ, ಸ್ಪೀಕರ್‌ನ ಸೊಗಸಿಗೆ ಮರುಳಾಗಿ ಬಿಲ್ ಮಾಡಿಸುತ್ತಾರೆ. ಮೊದಲು ಧ್ವನಿಯನ್ನು ಪೂರ್ತಿ ತಗ್ಗಿಸಿ. ಒಂದು ಬಿಳಿ ಕೀಯನ್ನು ಮುಂದಿನ ಅಂಚಿನಲ್ಲಿ ಒತ್ತಿ, ಬಳಿಕ ಅದೇ ಕೀಯನ್ನು ಹಿಂಭಾಗದಲ್ಲಿ, ಎರಡು ಕಪ್ಪು ಕೀಗಳ ನಡುವೆ ಬೆರಳಿಟ್ಟು ಒತ್ತಿ. ಗ್ರ್ಯಾಂಡ್ ಪಿಯಾನೊದಲ್ಲಿ ಕೀ ಕಣ್ಣಿಗೆ ಕಾಣುವುದಕ್ಕಿಂತ ಬಹಳ ಉದ್ದವಾಗಿದ್ದು ಅದು ಏರಿಳಿಯುವ ತಿರುಗಣೆ ಒಳಗೆಲ್ಲೋ ದೂರದಲ್ಲಿರುತ್ತದೆ. ಅಗ್ಗದ ಕಂಟ್ರೋಲರ್‌ಗಳಲ್ಲಿ ಅದು ಕೀಯ ಹಿಂಬದಿಗೇ ಅಂಟಿಕೊಂಡಿರುವುದರಿಂದ, ಹಿಂದೆ ಹೋದಷ್ಟೂ ಕೀ ಕಲ್ಲಿನಂತೆ ಬಿಗಿಯಾಗುತ್ತದೆ. ಕಪ್ಪು ಕೀಗಳು ಹೆಚ್ಚಾಗಿರುವ ಸ್ಕೇಲ್‌ಗಳಲ್ಲಿ ಕೈ ತಾನಾಗಿ ಒಳಕ್ಕೆ ಸರಿಯುತ್ತದೆ, ಆಗ ಈ ದೋಷ ಮಣಿಕಟ್ಟನ್ನು ನೋಯಿಸುತ್ತದೆ. ಈ ಒಂದು ಪರೀಕ್ಷೆಯಲ್ಲಿ ಸೋತದ್ದನ್ನು, ಎಷ್ಟೇ ರಿಯಾಯಿತಿ ಕೊಟ್ಟರೂ, ಕೊಳ್ಳಬೇಡಿ.

ತೂಕ ನೋಡಲು ಹತ್ತು ರೂಪಾಯಿಯ ನಾಣ್ಯಗಳನ್ನು ಒಯ್ಯಿರಿ. ಅಂಗಡಿಯವರು ನಕ್ಕರೆ ನಗಲಿ. ಒಂದೊಂದು ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ, ಗ್ರ್ಯಾಂಡ್ ಪಿಯಾನೊದ ಮಧ್ಯದ ಕೀ ಸುಮಾರು 50 ಗ್ರಾಂ ಭಾರಕ್ಕೆ ಕೆಳಗಿಳಿಯುತ್ತದೆ. ಬಿಳಿ ಕೀಯ ಮುಂದಿನ ಅಂಚಿನಲ್ಲಿ ಆರೇಳು ನಾಣ್ಯ ಪೇರಿಸಿದಾಗ ಕೀ ನಿಧಾನವಾಗಿ ಇಳಿದರೆ ಒಳ್ಳೆಯದು, ಎಂಟಾದರೂ ಚಿಂತೆಯಿಲ್ಲ. ಹತ್ತು ದಾಟಿದರೆ ಅದು ಬೆರಳಿನ ವ್ಯಾಯಾಮಕ್ಕೆ ಸರಿ, ಸಂಗೀತಕ್ಕಲ್ಲ. ‘ಭಾರವಿದ್ದಷ್ಟೂ ಅಸಲಿ ಪಿಯಾನೊ’ ಎಂಬ ನಂಬಿಕೆ ತಪ್ಪು.

ನಂತರ ಧ್ವನಿಯನ್ನು ಮತ್ತೆ ಏರಿಸಿ, ಒಂದೇ ಕೀಯನ್ನು ಎರಡು ಬೆರಳುಗಳಿಂದ ಸರದಿಯಂತೆ, ಅದು ಪೂರ್ತಿ ಮೇಲೇಳುವ ಮೊದಲೇ, ಮತ್ತೆ ಮತ್ತೆ ಒತ್ತಿ ನೋಡಿ. ಎರಡು ಸೆನ್ಸರ್‌ಗಳಿರುವ ಯಂತ್ರಕ್ಕೆ ಕೀ ಬಹುಪಾಲು ಮೇಲೆ ಬಾರದೆ ಮುಂದಿನ ಒತ್ತು ತಿಳಿಯುವುದಿಲ್ಲ. ಮೂರು ಸೆನ್ಸರ್‌ಗಳಿದ್ದರೆ ಅರ್ಧದಿಂದಲೇ ಸ್ವರ ಮರುಕಳಿಸುತ್ತದೆ. ಮೂರು ಇರುವುದನ್ನೇ ತೆಗೆದುಕೊಳ್ಳಿ. ನಿಧಾನವಾಗಿ ಒತ್ತಿದಾಗ ತಳದ ಬಳಿ ಸಿಗುವ ಸಣ್ಣ ‘ಎಸ್ಕೇಪ್‌ಮೆಂಟ್’ ತಡೆಯನ್ನು ಮಾರಾಟಗಾರರು ಹೊಗಳುತ್ತಾರೆ, ಅದೊಂದಕ್ಕಾಗಿ ಹೆಚ್ಚು ಹಣ ಕೊಡುವುದು ವ್ಯರ್ಥ.

ಕೊನೆಗೆ ಲ್ಯಾಪ್‌ಟಾಪ್‌ಗೆ ಜೋಡಿಸಿ, ವೆಲಾಸಿಟಿ ಸಂಖ್ಯೆ ತೋರಿಸುವ ಯಾವುದಾದರೂ ಮಿಡಿ ಮಾನಿಟರ್ ಸಾಫ್ಟ್‌ವೇರ್ ತೆರೆದುಕೊಳ್ಳಿ. ಅತಿ ಮೃದುವಾಗಿ ನುಡಿಸಿದಾಗ 20ರ ಆಸುಪಾಸಿಗೆ ಇಳಿಯಬೇಕು, ಬಲವಾಗಿ ನುಡಿಸಿದಾಗ 120ರ ಹತ್ತಿರ ಏರಬೇಕು. ಸಾಧಾರಣ ಒತ್ತಿಗೇ 110 ಬಂದರೆ ಗಾಬರಿ ಬೇಡ, ವೆಲಾಸಿಟಿ ಕರ್ವ್ (ಯಾವ ವೇಗಕ್ಕೆ ಯಾವ ಸಂಖ್ಯೆ ಎಂಬ ಹೊಂದಾಣಿಕೆ) ಬದಲಿಸಿ ಸರಿಪಡಿಸಬಹುದು. ಪಿಯಾನೊಟೆಕ್‌ನಂತಹ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಪ್ರತ್ಯೇಕ ಸೌಲಭ್ಯವೇ ಇದೆ. ಆದರೆ ಒಂದೇ ಬಗೆಯ ಒತ್ತಿಗೆ ಅಕ್ಕಪಕ್ಕದ ಕೀಗಳು 50, 90, 60 ಎಂದು ಕುಣಿದರೆ ಯಾವ ಕರ್ವ್‌ನಿಂದಲೂ ಪ್ರಯೋಜನವಿಲ್ಲ. ಬಳಸಿದ ಯಂತ್ರ ಕೊಳ್ಳುವವರು ಎಲ್ಲ ಕೀಗಳನ್ನೂ ಹೀಗೆ ನೋಡಲೇಬೇಕು, ಏಕೆಂದರೆ ಕೀಯಡಿಯ ರಬ್ಬರ್ ಕಾಂಟ್ಯಾಕ್ಟ್‌ಗೆ ಧೂಳು ಸೇರಿದಾಗ ಮೃದುವಾಗಿ ನುಡಿಸಿದರೂ ಸ್ವರ ತಟ್ಟನೆ ಕಿರುಚುತ್ತದೆ.

ಇಲ್ಲಿ ಒಂದು ಅಡ್ಡದಾರಿಯಿದೆ, ನಾನು ಹೆಚ್ಚಿನವರಿಗೆ ಹೇಳುವುದೂ ಅದನ್ನೇ: ಕಂಟ್ರೋಲರ್ ಬಿಟ್ಟು, ಯುಎಸ್‌ಬಿ ಮಿಡಿ ಇರುವ ಡಿಜಿಟಲ್ ಪಿಯಾನೊ ಕೊಳ್ಳಿ. ರೋಲ್ಯಾಂಡ್‌ನ ಎಫ್‌ಪಿ-10ರಲ್ಲಿರುವುದು ಅದೇ ಕಂಪನಿಯ ಎ-88 ಎಂಕೆ2 ಕಂಟ್ರೋಲರ್‌ನಲ್ಲಿರುವ ಪಿಎಚ್‌ಎ-4 ವರ್ಗದ ಕೀಗಳ ಯಂತ್ರವೇ. ಮೇಲಾಗಿ ಕಂಪ್ಯೂಟರ್ ಇಲ್ಲದೆಯೂ ಅಭ್ಯಾಸ ಮಾಡಬಹುದು. ಇದರಲ್ಲಿ ಸ್ವರವನ್ನು ಮೇಲೆ-ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರ ಇರುವುದಿಲ್ಲ, ಆದ್ದರಿಂದ ಕೀಬೋರ್ಡ್‌ನಲ್ಲಿ ಗಮಕ ತರಬೇಕೆನ್ನುವವರು ಚಕ್ರವಿರುವ ಚಿಕ್ಕ ಕಂಟ್ರೋಲರ್ ಒಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಕಂಟ್ರೋಲರ್‌ಗಳ ಪೈಕಿ ಮರದ ಕೀಗಳ ಕವಾಯ್ ವಿಪಿಸಿ1 ಸ್ಪರ್ಶದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯ. ಅದಕ್ಕೂ ಚಕ್ರವಿಲ್ಲ, ತೂಕ 30 ಕೆ.ಜಿ.ಗೆ ಹತ್ತಿರ, ಬಾಡಿಗೆ ಮನೆ ಬದಲಿಸುತ್ತಲೇ ಇರುವವರು ಯೋಚಿಸಿ ಮುಂದುವರಿಯಲಿ.

ಸ್ವರವನ್ನು ಹಿಡಿದಿಡುವ ಕಾಲಿನ ಪೆಡಲ್ ವಿಷಯದಲ್ಲಿ ಜಿಪುಣತನ ಬೇಡ. ಚೌಕಾಕಾರದ ಅಗ್ಗದ ಪ್ಲಾಸ್ಟಿಕ್ ಪೆಡಲ್ ನೆಲದ ಮೇಲೆ ಜಾರುತ್ತಾ ಹೋಗುತ್ತದೆ, ಅದಕ್ಕೆ ‘ಒತ್ತಿದೆ’, ‘ಬಿಟ್ಟಿದೆ’ ಎಂಬ ಎರಡೇ ಸ್ಥಿತಿಗಳು ಗೊತ್ತು. ಅರ್ಧ ಪೆಡಲ್, ಅಂದರೆ ಆ ಎರಡರ ನಡುವಿನ ಸ್ಥಿತಿಗಳು, ಬೇಕಿದ್ದರೆ ಪೆಡಲ್ ಮಾತ್ರವಲ್ಲ, ಕಂಟ್ರೋಲರ್‌ನ ಸಾಕೆಟ್ ಕೂಡ ಅದನ್ನು ಗುರುತಿಸುವಂತಿರಬೇಕು. ಪೆಡಲ್ ಉಲ್ಟಾ ಕೆಲಸ ಮಾಡಿದರೆ, ಕಾಲಿಡದೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸ್ಟ್ಯಾಂಡ್ ಗಟ್ಟಿಯಾಗಿರಲಿ, ಎಕ್ಸ್ ಆಕಾರದ್ದು ಹ್ಯಾಮರ್ ಆಕ್ಷನ್‌ನ ಭಾರಕ್ಕೆ ಓಲಾಡುತ್ತದೆ. ಬ್ಲೂಟೂತ್ ಹೆಡ್‌ಫೋನ್ ಬೇಡ, ಸ್ವರ ತಡವಾಗಿ ಕೇಳಿಸುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ್ದಾದರೆ, ಮರಳಿಸುವ ಗಡುವು ಮುಗಿಯುವವರೆಗೆ ಪೆಟ್ಟಿಗೆಯನ್ನೂ ಥರ್ಮಾಕೋಲನ್ನೂ ಎಸೆಯದೆ, ತಂದ ದಿನವೇ ಮೇಲಿನ ಪರೀಕ್ಷೆಗಳನ್ನೆಲ್ಲ ಮನೆಯಲ್ಲಿ ಮಾಡಿ.